ಬಾಗಿಲ ಗಲ್ಲಾ ಬ್ಯಾಂಡಿಗೆ, ಬಾರ್ ಗಲ್ಲಾ ಓನರ್‌ಗೆ: ಸಿಬಿಜಿಬಿ ಕಥೆ

1/9

ರಮೋನ್ಸ್ ಟಿ-ಶರ್ಟ್ ನೀವು ನೋಡೇ ಇರ್ತೀರಿ. ಕಪ್ಪು ಬಟ್ಟೆ, ಎದೆ ಮೇಲೆ ದುಂಡನೆಯ ಹದ್ದಿನ ಮುದ್ರೆ. ಮಾಲ್‌ನಲ್ಲೂ ಸಿಗುತ್ತೆ, ಫುಟ್‌ಪಾತ್‌ನಲ್ಲೂ ಸಿಗುತ್ತೆ. ಹಾಕ್ಕೊಂಡವರಲ್ಲಿ ಎಷ್ಟೋ ಜನ ಆ ಬ್ಯಾಂಡಿನ ಒಂದು ಹಾಡೂ ಕೇಳಿರಲ್ಲ. ಪರವಾಗಿಲ್ಲ.

ಈ ಸರಣಿ ಟಿ-ಶರ್ಟ್ ಬಗ್ಗೆ ಅಲ್ಲ. ಆ ಬ್ಯಾಂಡ್ ಮೊದಮೊದಲು ನುಡಿಸಿದ ಒಂದು ಉದ್ದನೆಯ, ಕಿರಿದಾದ, ಗಲೀಜು ಕೋಣೆಯ ಬಗ್ಗೆ. ಅದೇ ಕೋಣೆಯಲ್ಲಿ, ಅದೇ ವರ್ಷಗಳಲ್ಲಿ ನುಡಿಸಿ, ಯಾವ ಟಿ-ಶರ್ಟ್ ಮೇಲೂ ಬರದೇ ಹೋದ ಬ್ಯಾಂಡ್‌ಗಳ ಬಗ್ಗೆ ಕೂಡ.

ಜಾಗ: ನ್ಯೂಯಾರ್ಕ್, ಮ್ಯಾನ್‌ಹ್ಯಾಟನ್‌ನ ದಕ್ಷಿಣ ಭಾಗ, 315 ಬೌರಿ. ಕ್ಲಬ್ಬಿನ ಹೆಸರು ಸಿಬಿಜಿಬಿ. ಶುರುವಾಗಿದ್ದು 1973ರ ಡಿಸೆಂಬರ್. ಮುಚ್ಚಿದ್ದು 2006ರ ಅಕ್ಟೋಬರ್.

ಸಾಮಾನ್ಯವಾಗಿ ಈ ಕಥೆಯನ್ನ "ಪಂಕ್ ಹುಟ್ಟಿದ ಜಾಗ" ಅಂತ ಒಂದು ಸಾಲಲ್ಲಿ ಮುಗಿಸಿಬಿಡ್ತಾರೆ. ನಾನು ಓದ್ತಿರೋದು ಬಿಕಾಂ. ಹಾಗಾಗಿ ನನ್ನ ಕಣ್ಣು ಹೋಗೋದು ಬೇರೆ ಕಡೆಗೆ. ಬಾಗಿಲಲ್ಲಿ ದುಡ್ಡು ಯಾರು ತಗೊಂಡ್ರು? ಒಂದು ರಾತ್ರಿಗೆ ಎಷ್ಟು ಬ್ಯಾಂಡ್? ಜನ ಬರದಿದ್ರೆ ನಷ್ಟ ಯಾರ ತಲೆ ಮೇಲೆ? ಬಾಡಿಗೆ ಯಾರು ಕಟ್ತಿದ್ರು? ಇವಕ್ಕೆ ಉತ್ತರ ಹುಡುಕ್ತಾ ಹೋದರೆ, ಪಂಕ್ ಅಲ್ಲೇ ಯಾಕೆ ಹುಟ್ಟಿತು ಅನ್ನೋದೂ ತಾನಾಗೇ ಗೊತ್ತಾಗುತ್ತೆ. ಬನ್ನಿ.

2/9

ಮೊದಲು ಬೀದಿ ನೋಡೋಣ. "ಬೌರಿ" ಅನ್ನೋದು ಡಚ್ ಭಾಷೆಯಲ್ಲಿ ತೋಟ, ಜಮೀನು ಅನ್ನೋ ಅರ್ಥದ ಪದದಿಂದ ಬಂದಿದ್ದು. 1970ರ ದಶಕದ ಹೊತ್ತಿಗೆ ಅಲ್ಲಿ ತೋಟದ ಗುರುತೂ ಇರಲಿಲ್ಲ. ಮನೆ ಇಲ್ಲದವರು, ಕುಡಿತಕ್ಕೆ ಬಿದ್ದವರು, ಒಂದು ರಾತ್ರಿಗೆ ಅಗ್ಗದ ಹಾಸಿಗೆ ಕೊಡೋ ಲಾಡ್ಜ್‌ಗಳು. ಸಿಬಿಜಿಬಿ ಇದ್ದಿದ್ದೇ ಅಂಥದ್ದೊಂದು ಲಾಡ್ಜಿನ ಕೆಳಗೆ. ಅದರ ಹೆಸರು ಪ್ಯಾಲೇಸ್ ಹೋಟೆಲ್! ಹೆಸರಿಗಷ್ಟೇ ಅರಮನೆ.

ಕ್ಲಬ್ ಶುರು ಮಾಡಿದವರು ಹಿಲ್ಲಿ ಕ್ರಿಸ್ಟಲ್. 1931ರಲ್ಲಿ ಹುಟ್ಟಿದವರು, ನ್ಯೂಜೆರ್ಸಿಯ ಒಂದು ತೋಟದಲ್ಲಿ ಬೆಳೆದವರು. ಶಾಸ್ತ್ರೀಯ ಗಾಯನ ಕಲಿತಿದ್ರು, ರೇಡಿಯೋ ಸಿಟಿ ಮ್ಯೂಸಿಕ್ ಹಾಲ್‌ನ ಗಾಯನ ತಂಡದಲ್ಲಿ ಹಾಡಿದ್ರು. ವಿಲೇಜ್ ವ್ಯಾನ್‌ಗಾರ್ಡ್ ಅನ್ನೋ ಹೆಸರಾಂತ ಜಾಝ್ ಕ್ಲಬ್ಬಿನ ಮ್ಯಾನೇಜರ್ ಆಗಿದ್ರು. ಅಂದ್ರೆ, ಸಂಗೀತ ಗೊತ್ತಿದ್ದ, ಕ್ಲಬ್ ನಡೆಸೋದೂ ಗೊತ್ತಿದ್ದ ಮನುಷ್ಯ.

ಆದರೆ ಅವರ ತಲೆಯಲ್ಲಿ ಇದ್ದಿದ್ದು ರಾಕ್ ಅಲ್ಲ. ಸಿಬಿಜಿಬಿ ಅಂದ್ರೆ ಕಂಟ್ರಿ, ಬ್ಲೂಗ್ರಾಸ್, ಬ್ಲೂಸ್. ಬೋರ್ಡಿನಲ್ಲಿ ಅದರ ಕೆಳಗೆ ಇನ್ನೂ ಐದಕ್ಷರ ಇದ್ವು: ಒಎಂಎಫ್‌ಯುಜಿ. ಸಂಗೀತವನ್ನ ಹೊಟ್ಟೆಬಾಕರ ಥರ ಕಬಳಿಸೋರ ಮನಸ್ಸು ಅರಳಿಸೋಕೆ "ಬೇರೆ ಸಂಗೀತವೂ" ಇಲ್ಲಿ ಸಿಗುತ್ತೆ ಅಂತ ಅದರ ತಮಾಷೆ ಅರ್ಥ. ಕೊನೆಗೆ ಊಟದ ಎಲೆ ತುಂಬಿದ್ದು ಆ "ಬೇರೆ ಸಂಗೀತ"ದಿಂದಲೇ. ಕಂಟ್ರಿ ಉಪ್ಪಿನಕಾಯಿಯಷ್ಟು ಕೂಡ ಉಳೀಲಿಲ್ಲ.

3/9

ಆಗ ನ್ಯೂಯಾರ್ಕಿನ ಹೊಸ ಬ್ಯಾಂಡ್‌ಗಳ ಪರಿಸ್ಥಿತಿ ಏನು?

1973ರ ಆಗಸ್ಟ್ 3ರಂದು ಬ್ರಾಡ್‌ವೇ ಸೆಂಟ್ರಲ್ ಅನ್ನೋ ಹಳೇ ಹೋಟೆಲ್ ಕಟ್ಟಡ ಕುಸಿದು ಬಿತ್ತು. ಪ್ರಾಣಹಾನಿಯೂ ಆಯ್ತು. ಅದೇ ಕಟ್ಟಡದಲ್ಲಿ ಮರ್ಸರ್ ಆರ್ಟ್ಸ್ ಸೆಂಟರ್ ಇತ್ತು. ನ್ಯೂಯಾರ್ಕ್ ಡಾಲ್ಸ್ ಥರದ ಬ್ಯಾಂಡ್‌ಗಳು ನುಡಿಸ್ತಿದ್ದ ಮುಖ್ಯ ಜಾಗಗಳಲ್ಲಿ ಅದೂ ಒಂದು. ಒಂದೇ ದಿನದಲ್ಲಿ ಅದು ಇಲ್ಲವಾಯ್ತು.

ಉಳಿದ ಬಾರ್‌ಗಳಲ್ಲಿ ನುಡಿಸಬಹುದಿತ್ತಲ್ಲ ಅಂತ ನೀವು ಕೇಳಬಹುದು. ನುಡಿಸಬಹುದಿತ್ತು, ಆದರೆ ಬೇರೆಯವರ ಹಾಡನ್ನ. ರೇಡಿಯೋದಲ್ಲಿ ಹಿಟ್ ಆದ ಹಾಡನ್ನ ಹಾಗೇ ನುಡಿಸೋ ಕವರ್ ಬ್ಯಾಂಡ್‌ಗಳಿಗೇ ಕೆಲಸ. ಬಾರ್ ಓನರ್ ದೃಷ್ಟಿಯಲ್ಲಿ ಅದು ಸರಿ ಕೂಡ. ಗೊತ್ತಿರೋ ಹಾಡು ಬಂದ್ರೆ ಜನ ಕೂರ್ತಾರೆ, ಕೂತ್ರೆ ಕುಡೀತಾರೆ. ಯಾರಿಗೂ ಗೊತ್ತಿಲ್ಲದ ಬ್ಯಾಂಡು ಯಾರಿಗೂ ಗೊತ್ತಿಲ್ಲದ ಹಾಡು ಹಾಡಿದ್ರೆ?

ಇಂಥ ಹೊತ್ತಲ್ಲಿ ಟೆಲಿವಿಷನ್ ಅನ್ನೋ ಬ್ಯಾಂಡಿನ ಹುಡುಗರು ಹಿಲ್ಲಿ ಹತ್ರ ಬಂದ್ರು. ಟಾಮ್ ವರ್ಲೇನ್, ರಿಚರ್ಡ್ ಲಾಯ್ಡ್, ರಿಚರ್ಡ್ ಹೆಲ್, ಬಿಲ್ಲಿ ಫಿಕಾ, ಈ ನಾಲ್ವರ ಬ್ಯಾಂಡ್ ಅದು. ಹಿಲ್ಲಿ ಏಣಿ ಮೇಲೆ ನಿಂತು ಕ್ಲಬ್ಬಿನ ಮುಂಭಾಗದ ಕೆಲಸ ಮಾಡ್ತಿದ್ರು, ಹುಡುಗರು ಕೆಳಗೆ ನಿಂತು ಇಲ್ಲಿ ಏನು ನುಡಿಸ್ತಾರೆ ಅಂತ ಕೇಳಿದ್ರು ಅನ್ನೋದು ಜನಪ್ರಿಯ ಕಥೆ. ಹೇಳೋರ ಪ್ರಕಾರ ವಿವರ ಬದಲಾಗುತ್ತೆ. ಬದಲಾಗದ ಸಂಗತಿ ಇಷ್ಟು: ಅವರ ಮ್ಯಾನೇಜರ್ ಟೆರ್ರಿ ಆರ್ಕ್ ಜೊತೆ ಮಾತಾಡಿ, ಹಿಲ್ಲಿ ಅವರಿಗೆ ಭಾನುವಾರ ಕೊಟ್ರು. ಹೇಗಿದ್ರೂ ವ್ಯಾಪಾರ ಡಲ್ ಇರೋ ದಿನ. 1974ರ ಮಾರ್ಚ್ 31ರ ಭಾನುವಾರ ಟೆಲಿವಿಷನ್ ಅಲ್ಲಿ ಮೊದಲ ಸಲ ನುಡಿಸಿತು.

ಹಿಲ್ಲಿಗೆ ಅದು ಸ್ವಲ್ಪವೂ ಇಷ್ಟ ಆಗಲಿಲ್ಲ. ಅದನ್ನ ಅವರೇ ಮುಂದೆ ಹೇಳ್ಕೊಂಡಿದ್ದಾರೆ. ಆದ್ರೂ ಮುಂದಿನ ಭಾನುವಾರ ಬಾಗಿಲು ಹಾಕಲಿಲ್ಲ.

4/9

ಈಗ ಲೆಕ್ಕಕ್ಕೆ ಬರೋಣ. ಹಿಲ್ಲಿ ಇಟ್ಟ ಏರ್ಪಾಟು ಬಹಳ ಸರಳ:

ಒಂದು, ಹಾಡು ಬಹುಪಾಲು ನಿಮ್ಮದೇ ಆಗಿರಬೇಕು. ಒಂದೆರಡು ಬೇರೆಯವರದ್ದು ಇದ್ರೆ ಅಡ್ಡಿ ಇಲ್ಲ.
ಎರಡು, ನಿಮ್ಮ ಸಾಮಾನು ನೀವೇ ಹೊತ್ಕೊಂಡು ಬರಬೇಕು, ನೀವೇ ಎತ್ಕೊಂಡು ಹೋಗಬೇಕು.
ಮೂರು, ಬಾಗಿಲ ಗಲ್ಲಾ ಬ್ಯಾಂಡಿಗೆ, ಬಾರ್ ಗಲ್ಲಾ ಕ್ಲಬ್ಬಿಗೆ.

ಒಂದು ಉದಾಹರಣೆ ಇಟ್ಕೊಳ್ಳಿ. (ಅಂಕಿ ನನ್ನದು, ಲೆಕ್ಕ ತಿಳಿಯೋಕೆ ಅಷ್ಟೇ.) ಪ್ರವೇಶ ಒಂದು ಡಾಲರ್. ಬಂದವರು 60 ಜನ. ಆ ರಾತ್ರಿ ಎರಡು ಬ್ಯಾಂಡ್, ಒಂದೊಂದರಲ್ಲಿ ನಾಲ್ವರು. ಒಬ್ಬರ ಪಾಲಿಗೆ ಏಳೂವರೆ ಡಾಲರ್. ಗಿಟಾರಿನ ತಂತಿ, ಸಾಮಾನು ಸಾಗಿಸೋ ಗಾಡಿ ಬಾಡಿಗೆ ಕಳೆದ್ರೆ ಕೈಯಲ್ಲಿ ಉಳಿಯೋದು ಚಿಲ್ಲರೆ. ಅದೇ 60 ಜನ ಎರಡೆರಡು ಬಿಯರ್ ಕುಡಿದ್ರೆ ಕ್ಲಬ್ಬಿಗೆ 120 ಬಿಯರ್ ವ್ಯಾಪಾರ.

ಹಾಗಾದ್ರೆ ಇದು ಬ್ಯಾಂಡಿಗೆ ಮೋಸವಾ? ತಡೀರಿ.

ಬ್ಯಾಂಡಿಗೆ ಇಷ್ಟು ಅಂತ ಮೊದಲೇ ಮಾತಾಡಿದ್ರೆ, ಜನ ಬರದಿದ್ದಾಗ ನಷ್ಟ ಓನರ್‌ಗೆ. ಆಗ ಯಾವ ಓನರ್ ಆದ್ರೂ ಹೆಸರಿರೋ ಬ್ಯಾಂಡನ್ನೇ ಕರೀತಾರೆ. ಬಾಗಿಲ ಗಲ್ಲಾ ಏರ್ಪಾಟಿನಲ್ಲಿ ಆ ನಷ್ಟದ ಭಯ ಓನರ್ ತಲೆಯಿಂದ ಇಳಿದು ಬ್ಯಾಂಡಿನ ತಲೆಗೆ ಬರುತ್ತೆ. ಬ್ಯಾಂಡಿಗೆ ಅದು ಭಾರವೇ. ಆದರೆ ಆ ಕಾರಣಕ್ಕೇ ಹೆಸರಿಲ್ಲದ ಬ್ಯಾಂಡಿಗೂ ಬಾಗಿಲು ತೆರೆಯುತ್ತೆ. ನಾಲ್ಕು ಜನ ಬಂದ್ರೂ ಹಿಲ್ಲಿಗೆ ಕೈಯಿಂದ ಕೊಡೋದು ಏನಿಲ್ಲ. ಹಾಗಾಗಿ ಇನ್ನೊಂದು ವಾರ ನೋಡೋಣ ಅನ್ನೋ ತಾಳ್ಮೆ ಅವರಿಗಿತ್ತು.

ಇನ್ನು ಆ ಭಾರ ಹಂಚ್ಕೊಳ್ಳೋ ದಾರಿ? ಒಂದೇ ರಾತ್ರಿ ಬೇರೆ ಬ್ಯಾಂಡ್ ಜೊತೆ ನುಡಿಸೋದು. ನಿಮ್ಮ ಗೆಳೆಯರು 15 ಜನ, ಅವರ ಗೆಳೆಯರು 40 ಜನ. ನೀವಿಬ್ಬರೂ ಒಂದೇ ರಾತ್ರಿ ಇದ್ರೆ ನಿಮ್ಮ ಮುಂದೆ 55 ಜನ.

5/9

1974ರ ಆಗಸ್ಟ್ 16ರಂದು ರಮೋನ್ಸ್ ಸಿಬಿಜಿಬಿಯಲ್ಲಿ ಮೊದಲ ಸಲ ನುಡಿಸಿದ್ರು. ಕ್ವೀನ್ಸ್‌ನ ಫಾರೆಸ್ಟ್ ಹಿಲ್ಸ್ ಕಡೆಯ ನಾಲ್ವರು ಹುಡುಗರು. ಹಾಡು ಎರಡು ನಿಮಿಷ, ಮಧ್ಯೆ ಮಾತಿಲ್ಲ, ಇಡೀ ಸೆಟ್ ಇಪ್ಪತ್ತು ನಿಮಿಷದೊಳಗೆ ಖಲಾಸ್. ಹೊಸದರಲ್ಲಿ ವೇದಿಕೆ ಮೇಲೇ ಜಗಳ ಆಡ್ತಿದ್ರು, ಯಾವ ಹಾಡು ಮುಂದೆ ಅಂತ.

ಅದೇ ತಿಂಗಳು ಅದೇ ವೇದಿಕೆಗೆ ಬಂದ ಇನ್ನೊಂದು ಬ್ಯಾಂಡ್ ಏಂಜಲ್ ಅಂಡ್ ದ ಸ್ನೇಕ್. ಹೆಸರು ಕೇಳಿಲ್ಲ ಅಲ್ವಾ? ಸ್ವಲ್ಪ ದಿನದಲ್ಲೇ ಅವರು ಹೆಸರು ಬದಲಾಯಿಸಿ ಬ್ಲಾಂಡಿ ಆದ್ರು. ಡೆಬ್ಬಿ ಹ್ಯಾರಿ ಹಾಡಿದ ಬ್ಲಾಂಡಿ, ಮುಂದೆ ಜಗತ್ತೆಲ್ಲ ಕೇಳಿದ ಬ್ಲಾಂಡಿ.

ಇಲ್ಲಿ ಗಮನಿಸಬೇಕಾದ್ದು ಕೇಳುಗರು ಯಾರು ಅನ್ನೋದು. ಮೊದಮೊದಲು ಕೂತು ಕೇಳ್ತಿದ್ದವರಲ್ಲಿ ಬಹಳಷ್ಟು ಜನ ಇನ್ನೊಂದು ಬ್ಯಾಂಡಿನವರು, ಅವರ ಗೆಳೆಯರು, ಅಕ್ಕಪಕ್ಕದ ಕಲಾವಿದರು. 1974ರ ಏಪ್ರಿಲ್‌ನಲ್ಲಿ ಟೆಲಿವಿಷನ್ ಕೇಳೋಕೆ ಬಂದವರಲ್ಲಿ ಒಬ್ಬರು ಪ್ಯಾಟಿ ಸ್ಮಿತ್. ಕವಿ. ಆಗಿನ್ನೂ ಅವರ ಪೂರ್ತಿ ಬ್ಯಾಂಡ್ ಕೂಡಿರಲಿಲ್ಲ. ಜೊತೆಗೆ ಅವರ ಗಿಟಾರಿಸ್ಟ್ ಲೆನ್ನಿ ಕೇ. ಕೇಳೋಕೆ ಬಂದವರು ಮರುವರ್ಷ ನುಡಿಸೋಕೆ ಬಂದ್ರು. 1975ರ ವಸಂತದಲ್ಲಿ ಪ್ಯಾಟಿ ಸ್ಮಿತ್ ಮತ್ತು ಟೆಲಿವಿಷನ್ ಹಲವು ವಾರ ಒಟ್ಟಿಗೆ ನುಡಿಸಿದ್ರು. ವಾರಕ್ಕೆ ನಾಲ್ಕು ರಾತ್ರಿ, ಒಂದು ರಾತ್ರಿಗೆ ಎರಡೆರಡು ಸೆಟ್.

ಒಂದು ಹಾಡನ್ನ ವಾರಕ್ಕೆ ಎಂಟು ಸಲ ಜನರ ಮುಂದೆ ನುಡಿಸಿದ್ರೆ ಏನಾಗುತ್ತೆ ಅಂತ ನುಡಿಸೋರಿಗೆ ಗೊತ್ತು. ಎಲ್ಲಿ ಎಳೀಬೇಕು, ಎಲ್ಲಿ ನಿಲ್ಲಿಸಬೇಕು, ಎಲ್ಲಿ ಜನ ಎದ್ದು ಬಾರ್ ಕಡೆ ಹೋಗ್ತಾರೆ, ಎಲ್ಲಾ ಕಾಣುತ್ತೆ. ಆ ನವೆಂಬರ್‌ನಲ್ಲಿ ಬಂದ ಪ್ಯಾಟಿ ಸ್ಮಿತ್ ಅವರ ಮೊದಲ ಆಲ್ಬಂ "ಹಾರ್ಸಸ್" ಹಿಂದೆ ಈ ರಾತ್ರಿಗಳಿವೆ.

6/9

1975ರ ಜೂನ್. ಕ್ಲಬ್ಬಿನಿಂದ ನಡೆಯೋ ದೂರದಲ್ಲಿ, ಕ್ರಿಸ್ಟಿ ಸ್ಟ್ರೀಟ್‌ನ ಒಂದು ಹಳೇ ಕಟ್ಟಡದ ಮಹಡಿಯಲ್ಲಿ ಮೂವರು ವಾಸ ಇದ್ರು. ಡೇವಿಡ್ ಬರ್ನ್, ಕ್ರಿಸ್ ಫ್ರಾಂಟ್ಜ್, ಟೀನಾ ವೇಮೌತ್. ರೋಡ್ ಐಲೆಂಡ್‌ನ ಕಲಾಶಾಲೆಯಲ್ಲಿ ಪರಿಚಯ ಆದವರು. ಬ್ಯಾಂಡಿನ ಹೆಸರು ಟಾಕಿಂಗ್ ಹೆಡ್ಸ್. ಅವರ ಮೊದಲ ಪ್ರದರ್ಶನ ಸಿಬಿಜಿಬಿಯಲ್ಲಿ, ರಮೋನ್ಸ್‌ಗೆ ಮೊದಲು ನುಡಿಸೋ ಬ್ಯಾಂಡ್ ಆಗಿ.

ಈ ಎರಡು ಬ್ಯಾಂಡ್‌ಗೆ ಹೋಲಿಕೆಯೇ ಇಲ್ಲ. ಒಬ್ಬರದ್ದು ಲೆದರ್ ಜಾಕೆಟ್, ಮೂರು ಕಾರ್ಡ್, ಕಿವಿ ಕಿತ್ತು ಹೋಗೋ ಸದ್ದು. ಇನ್ನೊಬ್ಬರು ಇಸ್ತ್ರಿ ಶರ್ಟ್ ಹಾಕ್ಕೊಂಡು, ಪರೀಕ್ಷೆಗೆ ಬಂದವರ ಥರ ನೆಟ್ಟಗೆ ನಿಂತು ನುಡಿಸ್ತಿದ್ರು. ರಮೋನ್ಸ್ ನೋಡೋಕೆ ಬಂದವರು ಟಾಕಿಂಗ್ ಹೆಡ್ಸ್ ಕೇಳಲೇಬೇಕಾಯ್ತು. 1977ರಲ್ಲಿ ಇದೇ ಎರಡು ಬ್ಯಾಂಡ್ ಒಟ್ಟಿಗೆ ಯುರೋಪ್ ಪ್ರವಾಸ ಹೋದ್ವು. ಬೌರಿಯ ಜೋಡಿಯೇ ಬಸ್ ಹತ್ತಿ ಊರೂರು ಸುತ್ತಿತು.

ಇನ್ನು 1975ರ ಜುಲೈ. ಹಿಲ್ಲಿ ಒಂದು ಹಬ್ಬ ಇಟ್ರು. ಇನ್ನೂ ರೆಕಾರ್ಡ್ ಆಗದ ನ್ಯೂಯಾರ್ಕ್ ಬ್ಯಾಂಡ್‌ಗಳ ಹಬ್ಬ. ರೇಡಿಯೋದವರ "ಟಾಪ್ 40" ಪಟ್ಟಿಯನ್ನ ಅಣಕಿಸೋ ಹಾಗೆ ಸುಮಾರು ನಲವತ್ತು ಬ್ಯಾಂಡ್. ಎರಡು ವಾರಕ್ಕೂ ಹೆಚ್ಚು ಕಾಲ, ರಾತ್ರಿಗೆ ಹಲವು ಬ್ಯಾಂಡ್. ಸೆಖೆಗಾಲ, ತುಂಬಿದ ಕೋಣೆ. ಒಬ್ಬೊಬ್ಬರನ್ನೇ ನೋಡೋಕೆ ಬಾರದ ಪತ್ರಕರ್ತರು ನಲವತ್ತು ಬ್ಯಾಂಡ್ ಒಂದೇ ಕಡೆ ಅಂದಾಗ ಬಂದ್ರು. ವಿಲೇಜ್ ವಾಯ್ಸ್ ಪತ್ರಿಕೆಯಲ್ಲಿ ಜೇಮ್ಸ್ ವೋಲ್ಕಾಟ್ ದೊಡ್ಡ ಲೇಖನ ಬರೆದ್ರು. ಅಲ್ಲೊಂದು ಬ್ಯಾಂಡ್, ಇಲ್ಲೊಂದು ಬ್ಯಾಂಡ್ ಅಂತಿದ್ದಿದ್ದು ಒಂದು "ಸೀನ್" ಅಂತ ಹೊರಗಿನವರ ಕಣ್ಣಿಗೆ ಬಿತ್ತು.

ಆಮೇಲೆ ಸಾಲು ಸಾಲಾಗಿ ಆಲ್ಬಂಗಳು. ರಮೋನ್ಸ್ 1976ರ ಏಪ್ರಿಲ್‌ನಲ್ಲಿ, ಸುಮಾರು 6,400 ಡಾಲರ್ ಖರ್ಚಲ್ಲಿ. ಬ್ಲಾಂಡಿ 1976ರ ಡಿಸೆಂಬರ್. ಟೆಲಿವಿಷನ್ 1977ರ ಫೆಬ್ರವರಿ. ಟಾಕಿಂಗ್ ಹೆಡ್ಸ್ 1977ರ ಸೆಪ್ಟೆಂಬರ್.

7/9

ನಲವತ್ತರಲ್ಲಿ ಕೆಲವು. ಉಳಿದವು?

1976ರಲ್ಲಿ ಹಿಲ್ಲಿ "ಲೈವ್ ಅಟ್ ಸಿಬಿಜಿಬಿಸ್" ಅನ್ನೋ ಜೋಡಿ ರೆಕಾರ್ಡ್ ತಂದ್ರು. ಅದರಲ್ಲಿ ನಾನು ಮೇಲೆ ಹೇಳಿದ ಒಂದು ಬ್ಯಾಂಡೂ ಇಲ್ಲ! ಇರೋದು ಟಫ್ ಡಾರ್ಟ್ಸ್, ದ ಶರ್ಟ್ಸ್, ಮಿಂಕ್ ಡಿವಿಲ್, ಲಾಫಿಂಗ್ ಡಾಗ್ಸ್, ಮಿಯಾಮಿಸ್, ಮ್ಯಾನ್‌ಸ್ಟರ್ ಥರದ ಹೆಸರುಗಳು. ಇವರಲ್ಲಿ ಕೆಲವರಿಗೆ ಆಮೇಲೆ ಕಾಂಟ್ರಾಕ್ಟ್ ಸಿಕ್ತು, ಮಿಂಕ್ ಡಿವಿಲ್‌ಗೆ ಒಳ್ಳೇ ಹೆಸರೂ ಬಂತು. ಹಲವರನ್ನ ಇವತ್ತು ಆ ರೆಕಾರ್ಡ್ ಇಟ್ಟವರಷ್ಟೇ ನೆನಪಿಟ್ಟಿದ್ದಾರೆ.

ಇವರು "ಸೋತವರು" ಅಂತ ಬರೆದು ಮುಂದೆ ಹೋಗೋದು ಸುಲಭ. ಲೆಕ್ಕ ಹಾಗೆ ಹೇಳಲ್ಲ. ಕ್ಲಬ್ ವಾರಪೂರ್ತಿ ತೆರೆದಿರಬೇಕಾದ್ರೆ ಐದು ಬ್ಯಾಂಡ್ ಸಾಲದು. ಮಂಗಳವಾರ ರಾತ್ರಿ ಬಾಗಿಲು ತೆರೆದು ಇಡೋಕೆ ಯಾರಾದ್ರೂ ನುಡಿಸಬೇಕು. ಹಬ್ಬ ಅನ್ನಿಸಿಕೊಳ್ಳೋಕೆ ನಲವತ್ತು ಬ್ಯಾಂಡ್ ಬೇಕು. ಬಾಡಿಗೆ ಕಟ್ಟಿದ್ದು ಆ ಮಂಗಳವಾರದ ಬಿಯರ್ ಕೂಡ. ರಮೋನ್ಸ್ ಮೊದಲ ಆಲ್ಬಂ ಅಮೆರಿಕದ ಪಟ್ಟಿಯಲ್ಲಿ 111ರ ಮೇಲೆ ಏರಲೇ ಇಲ್ಲ ಅನ್ನೋದೂ ನೆನಪಿರಲಿ. ಆವತ್ತಿನ ಲೆಕ್ಕದಲ್ಲಿ ಗೆದ್ದವರು ಯಾರು, ಸೋತವರು ಯಾರು ಅಂತ ಗೀಟು ಎಳೆಯೋದು ಕಷ್ಟ.

ಇನ್ನೊಂದು ಪ್ರಸಂಗ. 1978ರಲ್ಲಿ ಡೆಡ್ ಬಾಯ್ಸ್ ಅನ್ನೋ ಬ್ಯಾಂಡಿನ ಡ್ರಮ್ಮರ್ ಜಾನಿ ಬ್ಲಿಟ್ಜ್‌ಗೆ ಬೀದಿ ಜಗಳವೊಂದರಲ್ಲಿ ಚಾಕು ಇರಿತ ಆಯ್ತು. ಬದುಕಿದ್ದೇ ಹೆಚ್ಚು. ಆಸ್ಪತ್ರೆ ಬಿಲ್ ಕಟ್ಟೋಕೆ ಸಿಬಿಜಿಬಿಯಲ್ಲಿ ಹಲವು ರಾತ್ರಿ ಸಹಾಯಾರ್ಥ ಪ್ರದರ್ಶನ ನಡೀತು. ಬ್ಯಾಂಡ್ ಮೇಲೆ ಬ್ಯಾಂಡ್ ಬಂದು ನುಡಿಸಿದ್ರು. ಡ್ರಮ್ಮರ್ ಆಸ್ಪತ್ರೆಯಲ್ಲಿದ್ರೆ ಡೆಡ್ ಬಾಯ್ಸ್ ಹಿಂದೆ ಡ್ರಮ್ಸ್ ಯಾರು? ನಟ ಜಾನ್ ಬೆಲೂಶಿ ಬಂದು ಕೂತ್ರು. ಒಂದೇ ವೇದಿಕೆ ಹಂಚ್ಕೊಂಡವರ ಸಂಬಂಧ ಬರೀ ಪೈಪೋಟಿ ಆಗಿರಲಿಲ್ಲ ಅನ್ನೋಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

8/9

1980ರ ದಶಕದಲ್ಲಿ ದೊಡ್ಡ ಹೆಸರುಗಳು ದೊಡ್ಡ ಸಭಾಂಗಣಗಳಿಗೆ ಹೋದ್ವು. ಕ್ಲಬ್ಬಿಗೆ ಹೊಸ ತಲೆಮಾರು ಬಂತು: ಹಾರ್ಡ್‌ಕೋರ್. ಅಗ್ನಾಸ್ಟಿಕ್ ಫ್ರಂಟ್, ಕ್ರೋ-ಮ್ಯಾಗ್ಸ್, ಮರ್ಫೀಸ್ ಲಾ. ಅದೇ ಹೊತ್ತಿಗೆ ನ್ಯೂಯಾರ್ಕ್ ರಾಜ್ಯದಲ್ಲಿ ಕುಡಿಯೋ ವಯಸ್ಸು 18ರಿಂದ 1982ರಲ್ಲಿ 19ಕ್ಕೆ, 1985ರಲ್ಲಿ 21ಕ್ಕೆ ಏರಿತು. ಕೇಳುಗರು ನೋಡಿದ್ರೆ ಹೈಸ್ಕೂಲ್ ಹುಡುಗರು. ಅವರಿಗೆ ಸಿಕ್ಕಿದ್ದು ಭಾನುವಾರ ಮಧ್ಯಾಹ್ನದ ಪ್ರದರ್ಶನ. ಕಡಿಮೆ ದುಡ್ಡು, ಸಾಲಾಗಿ ಹಲವು ಬ್ಯಾಂಡ್, ಕತ್ತಲಾಗೋದ್ರೊಳಗೆ ಮನೆ. ಮತ್ತೆ ಭಾನುವಾರವೇ! ಕೊನೆಗೆ ಹೊಡೆದಾಟ ಜಾಸ್ತಿಯಾಗಿ ಅದನ್ನೂ ನಿಲ್ಲಿಸಬೇಕಾಯ್ತು.

ಬಾಗಿಲ ಗಲ್ಲಾ ಏರ್ಪಾಟಿನ ಕೆಟ್ಟ ಮುಖ ಕಂಡಿದ್ದು ಅದೇ ದಶಕದಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಸನ್‌ಸೆಟ್ ಸ್ಟ್ರಿಪ್‌ನ ಕ್ಲಬ್‌ಗಳಲ್ಲಿ ಬ್ಯಾಂಡ್‌ಗಳೇ ಮುಂಗಡವಾಗಿ ಟಿಕೆಟ್ ಕೊಂಡು, ಮಾರ್ಕೊಳ್ಳಬೇಕಾದ ಪದ್ಧತಿ ಬಂತು. ಮಾರಾಟ ಆಗದಿದ್ರೆ ನಷ್ಟ ನಿಮ್ಮದು. ಸಿಬಿಜಿಬಿಯಲ್ಲಿ ಬ್ಯಾಂಡಿಗೆ ಕೆಟ್ಟ ರಾತ್ರಿ ಅಂದ್ರೆ ಸೊನ್ನೆ. ಅಲ್ಲಿ ಸೊನ್ನೆಗಿಂತ ಕೆಳಗೆ. ಕೊನೇ ನಷ್ಟ ಎಲ್ಲಿ ನಿಲ್ಲುತ್ತೆ ಅನ್ನೋದೇ ವ್ಯತ್ಯಾಸ.

ಇನ್ನು ಬಾಡಿಗೆ. ಸಿಬಿಜಿಬಿಯ ಕಟ್ಟಡದ ಕಡೆಯಿಂದ ಬಾಡಿಗೆ ಕೇಳ್ತಿದ್ದಿದ್ದು ಬೌರಿ ರೆಸಿಡೆಂಟ್ಸ್ ಕಮಿಟಿ, ಮನೆ ಇಲ್ಲದವರಿಗೆ ಆಶ್ರಯ ಕೊಡೋ ಸಂಸ್ಥೆ. ಕ್ಲಬ್ಬಿನ ಮೇಲಿನ ಮಹಡಿಗಳಲ್ಲೇ ಅವರ ಆಶ್ರಯಧಾಮ. 2005ರಲ್ಲಿ ಬಾಕಿ ಬಾಡಿಗೆ ಅಂತ ಸುಮಾರು 91,000 ಡಾಲರ್ ಕೇಳಿ ಕೋರ್ಟಿಗೆ ಹೋದ್ರು. ಬಿಲ್ಲೇ ಸರಿಯಾಗಿ ಕೊಟ್ಟಿಲ್ಲ ಅಂತ ಕೋರ್ಟು ಹಿಲ್ಲಿ ಪರ ಹೇಳಿತು. ಆದರೆ ಲೀಸ್ ಮುಗಿಯಿತು. ತಿಂಗಳಿಗೆ 19,000 ಡಾಲರ್ ಇದ್ದ ಬಾಡಿಗೆ 35,000ದ ಕಡೆ ಹೋಗೋ ಹಾಗಿತ್ತು. ಕೇಸ್ ಗೆದ್ದು ಜಾಗ ಸೋತರು.

ಇದರಲ್ಲಿ ಖಳನಾಯಕ ಯಾರು ಅಂತ ಹೇಳೋಕೆ ನನಗಾಗಲ್ಲ. ಬಾಡಿಗೆ ಕೇಳಿದವರೂ ಬಡವರಿಗೆ ಹಾಸಿಗೆ ಹೊಂದಿಸೋರೇ. ಯಾರಿಗೂ ಬೇಡವಾಗಿದ್ದ ಬೌರಿ, ಎಲ್ಲರಿಗೂ ಬೇಕಾದ ಬೌರಿ ಆಗಿತ್ತು. ಹಾಗಾಗೋದ್ರಲ್ಲಿ ಈ ಕ್ಲಬ್ಬಿನ ಹೆಸರಿನ ಪಾಲೂ ಸ್ವಲ್ಪ ಇತ್ತು.

9/9

2006ರ ಅಕ್ಟೋಬರ್ 15, ಕೊನೇ ರಾತ್ರಿ. ಅವತ್ತೂ ಭಾನುವಾರ. ನುಡಿಸಿದವರು ಪ್ಯಾಟಿ ಸ್ಮಿತ್. ಪಕ್ಕದಲ್ಲಿ ಲೆನ್ನಿ ಕೇ. ಕೆಲವು ಹಾಡಿಗೆ ಟೆಲಿವಿಷನ್‌ನ ರಿಚರ್ಡ್ ಲಾಯ್ಡ್ ಗಿಟಾರ್ ಹಿಡಿದು ಬಂದ್ರು. ಮೂರು ಗಂಟೆಗೂ ಮಿಕ್ಕಿ ನಡೆದ ಆ ಪ್ರದರ್ಶನದ ಕೊನೆಯಲ್ಲಿ ಪ್ಯಾಟಿ ತೀರಿಕೊಂಡವರ ಹೆಸರುಗಳನ್ನ ಓದಿದ್ರು. ರಮೋನ್ಸ್‌ನಲ್ಲೇ ಜೋಯಿ, ಡೀ ಡೀ, ಜಾನಿ ಮೂವರೂ ಅಷ್ಟೊತ್ತಿಗೆ ಹೋಗಿಬಿಟ್ಟಿದ್ರು. ಮರುವರ್ಷ ಆಗಸ್ಟ್‌ನಲ್ಲಿ ಹಿಲ್ಲಿ ಕೂಡ ತೀರ್ಕೊಂಡ್ರು.

ಆ ಜಾಗಕ್ಕೆ 2008ರಲ್ಲಿ ಜಾನ್ ವಾರ್ವಟೋಸ್ ಅನ್ನೋ ಫ್ಯಾಷನ್ ಬ್ರ್ಯಾಂಡಿನ ಅಂಗಡಿ ಬಂತು. 2013ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಪಂಕ್ ಉಡುಪುಗಳ ಪ್ರದರ್ಶನಕ್ಕಾಗಿ ಸಿಬಿಜಿಬಿಯ ಕುಖ್ಯಾತ ಟಾಯ್ಲೆಟ್‌ನ ಪ್ರತಿಕೃತಿ ಕಟ್ಟಿತು. ಕ್ಲಬ್ ಇದ್ದಾಗ ಯಾರೂ ಕಾಲಿಡೋಕೆ ಇಷ್ಟಪಡದ ಜಾಗ!

ಟಾಯ್ಲೆಟ್‌ನ ಮ್ಯೂಸಿಯಂನಲ್ಲಿ ಇಡಬಹುದು. ಜಾಕೆಟ್ ಇಡಬಹುದು. ಬಾಗಿಲ ಗಲ್ಲಾ ಏರ್ಪಾಟನ್ನ ಗಾಜಿನ ಪೆಟ್ಟಿಗೆಯಲ್ಲಿ ಇಡೋಕಾಗಲ್ಲ. ವ್ಯಾಪಾರ ಇಲ್ಲದ ಒಂದು ಭಾನುವಾರವನ್ನ ಹೆಸರಿಲ್ಲದವರಿಗೆ ಬಿಟ್ಟುಕೊಡೋದು, ಇಷ್ಟ ಆಗದಿದ್ರೂ ಮುಂದಿನ ವಾರ ಮತ್ತೆ ಕರೆಯೋದು, ಇವನ್ನ ಎಲ್ಲಿ ನೇತು ಹಾಕ್ತೀರಿ? ಸಿಬಿಜಿಬಿಯಲ್ಲಿ ನಿಜವಾಗಿ ಬೆಲೆ ಇದ್ದಿದ್ದು ಇವಕ್ಕೇ ಅಂತ ನನ್ನ ಲೆಕ್ಕ.

ನಿಮ್ಮಲ್ಲಿ ಬ್ಯಾಂಡ್ ಇರೋರಿಗೆ ಒಂದು ಮಾತು. ನಾಲ್ಕು ಬ್ಯಾಂಡ್ ಇರೋ ರಾತ್ರಿಗೆ ಕರೆ ಬಂದ್ರೆ, ಬಾಗಿಲ ದುಡ್ಡು ಹೇಗೆ ಹಂಚ್ತಾರೆ ಅಂತ ಮೊದಲೇ ಕೇಳಿ, ನಾಚ್ಕೋಬೇಡಿ. ನಿಮ್ಮದು ಮುಗಿದ ತಕ್ಷಣ ಗಿಟಾರ್ ಬ್ಯಾಗಿಗೆ ಹಾಕಿ ಹೊರಡಬೇಡಿ. ಉಳಿದ ಮೂವರನ್ನೂ ಕೇಳಿ.

ಬ್ಯಾಂಡ್ ಇಲ್ಲದೇ ಕೇಳೋಕೆ ಮಾತ್ರ ಹೋಗೋರು, ಸ್ವಲ್ಪ ಬೇಗ ಹೋಗಿ. ಪೋಸ್ಟರ್‌ನಲ್ಲಿ ಎಲ್ಲಕ್ಕಿಂತ ಸಣ್ಣ ಅಕ್ಷರದಲ್ಲಿ ಇರೋ ಬ್ಯಾಂಡ್ ಮೊದಲು ನುಡಿಸುತ್ತೆ. 1975ರ ಜೂನ್‌ನಲ್ಲಿ ತಡವಾಗಿ ಬಂದವರು ಟಾಕಿಂಗ್ ಹೆಡ್ಸ್‌ನ ತಪ್ಪಿಸ್ಕೊಂಡ್ರು.

ನೀವು ಕೇಳಿದ, ಆಮೇಲೆ ಎಲ್ಲೂ ಹೆಸರು ಕೇಳಿಬರದ ಒಂದು ಬ್ಯಾಂಡ್ ಯಾವುದು? ಕೆಳಗೆ ಬರೀರಿ, ಹುಡುಕಿ ಕೇಳ್ತೀನಿ.

#ಸಿಬಿಜಿಬಿ #ರಾಕ್‌ಇತಿಹಾಸ #ಕನ್ನಡದಲ್ಲಿಸಂಗೀತ #ಬಾಗಿಲಗಲ್ಲಾ